ಸಿಟ್ಟಿಲ್ಲದ ಎರಡು ಪೆಟ್ಟು

ಹನುಮಂತಪ್ಪನ ಕಣ್ಣು ಹೋದದ್ದು ನನ್ನ ಸಿಟ್ಟಿನಿಂದಲ್ಲ. ರಾಯಚೂರಿನ ಗ್ಯಾರೇಜುಗಳಲ್ಲಿ, ಮಾನ್ವಿಯ ರೈಸ್ ಮಿಲ್ಲುಗಳಲ್ಲಿ, ಅವನ ಊರು ಗಬ್ಬೂರಿನಲ್ಲಿ ಎಲ್ಲರೂ ಹಾಗಂತಲೇ ಮಾತಾಡಿಕೊಂಡರು. ಈರಣ್ಣ ಮಿಸ್ತ್ರಿಗೆ ಮೂಗಿನ ತುದಿಯಲ್ಲೇ ಸಿಟ್ಟು, ಕೈಯಲ್ಲಿ ನಟ್ಟು ಬಿಚ್ಚುವ ಪಾನಾ ಇತ್ತು, ಹೊಡೆದುಬಿಟ್ಟ ಎಂದರು. ಹನುಮಂತಪ್ಪನೂ ಅದನ್ನೇ ನಂಬಿದ್ದ. ನಾನೂ ಹತ್ತು ವರ್ಷಕ್ಕೂ ಹೆಚ್ಚು ಕಾಲ ಅದನ್ನೇ ಹೇಳಿಕೊಂಡು ತಿರುಗಿದೆ. ಸುಳ್ಳು. ಆ ಮಧ್ಯಾಹ್ನ ನನಗೆ ಸಿಟ್ಟು ಬಂದಿರಲೇ ಇಲ್ಲ. ಅವನ ಬಾಯಿ ಮುಚ್ಚಿಸಬೇಕಿತ್ತು — ಅದಕ್ಕೆ ಹೊಡೆದೆ.

ಸಿಟ್ಟಿನ ವಿಷಯ ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ಇಷ್ಟು ದಿನ ನಾನು ಅಡಗಿಕೊಂಡಿದ್ದು ಅದರ ಹಿಂದೆಯೇ. ರಾಯಚೂರಿನ ಸ್ಟೇಷನ್ ರಸ್ತೆಯ ಹಿಂಬದಿಗೆ ನನ್ನದೊಂದು ತಗಡಿನ ಶೆಡ್ಡು. ಕಾರು, ಜೀಪು, ಒಮ್ಮೊಮ್ಮೆ ಟ್ರ್ಯಾಕ್ಟರು. ಡ್ರೈವರುಗಳು ನನ್ನ ಬಗ್ಗೆ ಕೈ ಬಂಗಾರ, ಬಾಯಿ ಬೆಂಕಿ ಎನ್ನುತ್ತಿದ್ದರು. ಒಬ್ಬ ಗಿರಾಕಿ ಅವಸರ ಮಾಡಿದನೆಂದು ಅವನ ಜೀಪಿನ ದೀಪವನ್ನೇ ಸುತ್ತಿಗೆಯಿಂದ ಒಡೆದಿದ್ದೆ. ಇನ್ನೊಬ್ಬನ ಧೋತರದ ಮೇಲೆ ಬಿಸಿ ಚಹಾ ಎರಚಿದ್ದೆ. ಮರುದಿನ ಅವರೇ ಬಂದು ಹಲ್ಲು ಕಿಸಿದು ಮಾತಾಡಿಸುತ್ತಿದ್ದರು. ಸಿಟ್ಟಿನವನ ಒಳಗೆ ಕಪಟ ಇರುವುದಿಲ್ಲ ಅಂತ ನಮ್ಮ ಜನರಿಗೆ ಒಂದು ನಂಬಿಕೆ. ಆ ನಂಬಿಕೆಯ ಮೇಲೆ ನಾನು ಬಹಳ ವರ್ಷ ಚೆನ್ನಾಗಿ ಬದುಕಿದೆ.

ಎಪ್ಪತ್ತರ ದಶಕದ ಕೊನೆಯ ಒಂದು ಮಳೆಗಾಲದ ಮಾತಿದು. ಮಾನ್ವಿಯಲ್ಲಿ ಅಮರಪ್ಪ ಸಾವ್ಕಾರರ ರೈಸ್ ಮಿಲ್ಲು ಇತ್ತು. ಕಾಲುವೆ ನೀರು ಬಂದ ಮೇಲೆ ಎದ್ದ ಮನೆತನ. ಅವರ ಎರಡು ಜೀಪು, ಟ್ರ್ಯಾಕ್ಟರುಗಳು, ಹೊಸದಾಗಿ ಕೊಂಡ ಬಿಳಿ ಅಂಬಾಸಿಡರ್ — ಎಲ್ಲ ನನ್ನ ಕೈಯಲ್ಲೇ ರಿಪೇರಿ. ಅಂಬಾಸಿಡರಿನ ಡ್ರೈವರ್ ಈ ಹನುಮಂತಪ್ಪ. ದೇವದುರ್ಗ ತಾಲೂಕಿನ ಗಬ್ಬೂರಿನವನು, ಕುರಿ ಸಾಕುವ ಮನೆತನ. ಆ ಮನೆತನದಲ್ಲಿ ಸ್ಟೇರಿಂಗ್ ಹಿಡಿದವರಲ್ಲಿ ಅವನೇ ಮೊದಲಿಗ. ಮೂವತ್ತರ ಆಸುಪಾಸಿನ, ದನಿ ಎತ್ತದೆ ಮಾತಾಡುವ ಮನುಷ್ಯ. ಗಾಡಿ ಶುರು ಮಾಡುವ ಮುಂಚೆ ಸ್ಟೇರಿಂಗ್ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದ. ನಾನು ಅದನ್ನು ನೋಡಿ ಹಂಗಿಸುತ್ತಿದ್ದೆ, ಹೆಂಡತಿಗೂ ಹೀಗೇ ಮಾಡ್ತೀಯೇನೋ ಅಂತ. ಅವನು ನಗುತ್ತಿದ್ದ.

ಬೇಸಿಗೆಯ ಕೊನೆಗೆ ಸಾವ್ಕಾರರು ಕಾರಿಗೆ ರೇಡಿಯೋ ಹಾಕಿಸಿದರು. ಅದರ ವಾಯರು ಹಾಯಿಸಲು ನಾನು ಎಂಜಿನ್ನಿಗೂ ಕೂರುವ ಜಾಗಕ್ಕೂ ನಡುವೆ ಇರುವ ತಗಡಿಗೆ, ಮುಂದಿನ ಗಾಜಿನ ಬುಡದಲ್ಲಿ, ಬೆರಳು ಹೋಗುವಷ್ಟು ತೂತು ಕೊರೆದೆ. ಅಂಥ ತೂತಿಗೆ ರಬ್ಬರಿನ ಬುಶ್ ಕೂಡಿಸಬೇಕು. ಇಲ್ಲವಾದರೆ ಗಾಜಿನ ಮೇಲಿಂದ ಇಳಿದ ನೀರು ವಾಯರು ಹಿಡಿದು ಒಳಗೆ ಬರುತ್ತದೆ. ಆ ಅಳತೆಯ ಬುಶ್ ಅಂದು ನನ್ನ ಹತ್ತಿರ ಇರಲಿಲ್ಲ. ಒಂದು ಬಟ್ಟೆಯ ಚಿಂದಿ ತುರುಕಿ, ಮುಂದಿನ ಸಲ ಗಾಡಿ ಬಂದಾಗ ಹಾಕಿದರಾಯಿತು ಎಂದು ಬಿಟ್ಟೆ. ಆಮೇಲೆ ಮರೆತೆ. ಮರೆತದ್ದು ತಪ್ಪೇ, ಆದರೆ ನಾನು ಇಲ್ಲಿ ಒಪ್ಪಿಕೊಳ್ಳುತ್ತಿರುವುದು ಆ ಸಣ್ಣ ತಪ್ಪನ್ನಲ್ಲ.

ಮಳೆ ಶುರುವಾಯಿತು. ಕಾರಿನ ಹಿಂದಿನ ಸೀಟಿನ ಎಡಗಡೆ, ಸರಿಯಾಗಿ ಸಾವ್ಕಾರರು ಕಾಲಿಡುವ ಜಾಗದಲ್ಲಿ, ನೀರು ನಿಲ್ಲತೊಡಗಿತು. ನೀರು ಅಲ್ಲಿ ನಿಂತದ್ದರಿಂದ ನಾನು ಅಲ್ಲೇ ಹುಡುಕಿದೆ. ಮಿಲ್ಲಿನ ಅಂಗಳ ಇಳಿಜಾರು. ಗಾಡಿ ಮೂತಿ ಮೇಲೆ ಮಾಡಿ ಎಡಕ್ಕೆ ವಾಲಿ ನಿಲ್ಲುತ್ತಿತ್ತು. ಎಲ್ಲೋ ಇಳಿದ ನೀರು ಮ್ಯಾಟಿನ ಅಡಿಯಿಂದ ಹರಿದು ಅಲ್ಲಿ ಬಂದು ಸೇರುತ್ತಿತ್ತು. ಇಷ್ಟು ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಬಾಗಿಲ ರಬ್ಬರು ಬದಲಿಸಿದೆ, ಹಿಂದಿನ ಗಾಜಿನ ರಬ್ಬರು ಬದಲಿಸಿದೆ. ಎರಡೂ ಸಲ ಎದೆ ತಟ್ಟಿಕೊಂಡು, ಇನ್ನು ಒಂದು ಹನಿ ಒಳಗೆ ಬಂದರೆ ನನ್ನ ಮೀಸೆ ಬೋಳಿಸಿ ಎಂದು ಸಾವ್ಕಾರರಿಗೆ ಹೇಳಿ ಕಳಿಸಿದೆ.

ಆಮೇಲೆ ಮರ್ಯಾದೆ ಹೋಗುವ ಕೆಲಸ ಆಯಿತು. ಸಾವ್ಕಾರರ ಮಗಳ ಸಂಬಂಧ ಕುದುರುವುದಿತ್ತು. ಬೀಗರಾಗುವವರನ್ನು ಕಾರಿನಲ್ಲಿ ಕೂರಿಸಿಕೊಂಡು ಗದ್ದೆ ತೋರಿಸಲು ಹೊರಟರು. ಆ ಕಡೆಯ ಹಿರಿಯರ ಕಾಲು ಮ್ಯಾಟಿನಲ್ಲಿ ಪಿಚಕ್ಕೆಂದು ಇಳಿಯಿತು. ಅವರು ಮ್ಯಾಟು ಎತ್ತಿ ನೋಡಿದರೆ ಅಡಿಯಲ್ಲಿ ಎರಡು ಬೆರಳುದ್ದ ಭತ್ತದ ಮೊಳಕೆ, ಬಿಸಿಲು ಕಾಣದೆ ಬಿಳಿಚಿಕೊಂಡು ನಿಂತಿದೆ. ಸಾವ್ಕಾರರು ಭತ್ತದ ಮಾದರಿಯ ಚೀಲಗಳನ್ನು ಅಲ್ಲಿಡುತ್ತಿದ್ದರು. ಉದುರಿದ ಕಾಳು ನೆನೆದು ಮೊಳೆತಿತ್ತು. ಹೊಲ ನೋಡಾಕ ಅಷ್ಟ ದೂರ ಯಾಕ್ರಿ, ಇಲ್ಲೇ ನಾಟಿ ಹಚ್ಚೀರಲ್ಲ ಎಂದು ಆ ಹಿರಿಯರು ನಕ್ಕರಂತೆ. ಸಾವ್ಕಾರರೂ ನಕ್ಕರಂತೆ. ನಕ್ಕ ಮುಖದಲ್ಲೇ ಹನುಮಂತಪ್ಪನ ಬೆನ್ನಿಗೆ ಹಿಂದಿನಿಂದ ಒಂದು ಗುದ್ದು ಬಿದ್ದಿತ್ತು.

ಮರುದಿನ ಬೆಳಿಗ್ಗೆ ಹನುಮಂತಪ್ಪ ಕಾರು ತಂದು ನನ್ನ ಶೆಡ್ಡಿನ ಮುಂದೆ ನಿಲ್ಲಿಸಿ ಇದನ್ನೆಲ್ಲ ಹೇಳಿದ. ಮಧ್ಯಾಹ್ನಕ್ಕೆ ಸಾವ್ಕಾರರು ಜೀಪಿನಲ್ಲಿ ಖುದ್ದು ಬರುತ್ತಾರೆ, ನೀರು ಎಲ್ಲಿಂದ ಬರುತ್ತದೆ ಎಂದು ಅವರಿಗೆ ಇವತ್ತು ಗೊತ್ತಾಗಲೇಬೇಕಂತೆ ಎಂದ. ಆಮೇಲೆ ನನ್ನ ಮುಖ ನೋಡದೆ ಮೆಲ್ಲಗೆ ಹೇಳಿದ:

“ಮಿಸ್ತ್ರೀ, ಮಳ್ಯಾಗ ಗಾಡಿ ಹೊಡೆಯೋವಾಗ ನನ್ನ ಬಲಗಾಲ ಮ್ಯಾಲ ಹನಿ ಬೀಳ್ತದ್ರಿ. ರೇಡಿಯೋ ವಾಯರ್ ಹಿಡಕೊಂಡು ಬರಾಕತ್ತದ ಅನಸ್ತದ. ಒಂದ್ಸಲ ನೋಡ್ರಲ್ಲ.”

ನಾನು ಅವನನ್ನು ಬೈದು ಓಡಿಸಿದೆ. ಕುರಿ ಹಿಂಡಿಗೆ ಹೋಗಿ ಕಲಿಸು ಎಂದೆ. ಅವನು ಬೇಜಾರೂ ಮಾಡಿಕೊಳ್ಳದೆ ಊಟ ಮಾಡಿ ಬರ್ತೀನ್ರಿ ಎಂದು ಹೋದ. ಅವನು ಮರೆಯಾಗುವವರೆಗೆ ಕಾದು, ಕಾರಿನ ಮ್ಯಾಟು ಸೀಟು ಎಲ್ಲ ಹೊರಗೆ ತೆಗೆದೆ. ಒಳಗಿನ ತಗಡನ್ನು ಬಟ್ಟೆಯಿಂದ ಒಣಗಿಸಿ, ಮನೆಯಿಂದ ತರಿಸಿಟ್ಟಿದ್ದ ರಂಗೋಲಿ ಪುಡಿಯನ್ನು ಮೇಲಿಂದ ಕೆಳಗಿನವರೆಗೆ ಉದುರಿಸಿದೆ. ಒಣ ಪುಡಿಯ ಮೇಲೆ ನೀರು ಹಾದರೆ ದಾರಿ ಬರೆದಿಟ್ಟ ಹಾಗೆ ಕಾಣುತ್ತದೆ. ಹೊರಗೆ ಬಂದು ಗಾಜಿನ ಮೇಲೆ ಕೊಡದಿಂದ ನಿಧಾನ ನೀರು ಸುರಿದೆ. ಒಳಗೆ ಬಗ್ಗಿ ನೋಡಿದರೆ — ವಾಯರಿನ ಬುಡದಿಂದ ಒಂದು ಕಪ್ಪು ಗೆರೆ ಇಳಿದು, ಬ್ರೇಕಿನ ಪೆಡಲ್ ದಾಟಿ, ಸೀಟಿನ ಅಡಿ ಹಾದು, ಹಿಂದಿನ ಎಡಮೂಲೆಗೆ ಹೋಗಿ ನಿಂತಿತ್ತು. ಹನುಮಂತಪ್ಪ ಹೇಳಿದ್ದು ಅಕ್ಷರ ಅಕ್ಷರ ನಿಜ. ನಾನು ಕೊರೆದ ತೂತು, ನಾನು ತುರುಕಿದ ಚಿಂದಿ.

ನಾಚಿಕೆಯ ಮಾತು, ಆದರೂ ಬರೆಯುತ್ತೇನೆ — ಮೊದಲು ನನಗಾದದ್ದು ಖುಷಿ. ತಿಂಗಳಿಂದ ಆಟ ಆಡಿಸಿದ ನೀರು ಸಿಕ್ಕಿಬಿದ್ದ ಖುಷಿ. ಬುಶ್ ಕೂಡಿಸಿದೆ, ಸುತ್ತಲೂ ಸಂದು ಮುಚ್ಚುವ ಪುಟ್ಟಿ ಮೆತ್ತಿದೆ, ಮತ್ತೆ ಪುಡಿ ಉದುರಿಸಿ ನಾಲ್ಕು ಕೊಡ ನೀರು ಸುರಿದೆ. ಒಂದು ಹನಿ ಬರಲಿಲ್ಲ. ಬಾನೆಟ್ಟು ಮುಚ್ಚಿ ಬೀಡಿ ಹಚ್ಚಿದೆ. ಆ ಬೀಡಿ ಅರ್ಧ ಸುಡುವಷ್ಟರಲ್ಲಿ ಖುಷಿ ಇಳಿದು ಹೆದರಿಕೆ ಹತ್ತಿತು.

ಸಾವ್ಕಾರರ ಕೈ ನಾನು ನೋಡಿದ್ದೆ. ಮಿಲ್ಲಿನಲ್ಲಿ ಮಷಿನು ತಿರುಗಿಸುವ ಅಗಲವಾದ ಪಟ್ಟಾ ಇರುತ್ತದಲ್ಲ, ಹಳೆಯದಾದ ಮೇಲೆ ಅದರ ತುಂಡೊಂದನ್ನು ಅವರು ಗಾದಿಯ ಪಕ್ಕದಲ್ಲೇ ಇಟ್ಟುಕೊಂಡಿದ್ದರು. ಒಮ್ಮೆ ಚೀಲ ಹರಿದ ಹಮಾಲನೊಬ್ಬನನ್ನು ನನ್ನ ಕಣ್ಣೆದುರೇ ಆ ಪಟ್ಟಾದಿಂದ ಬಾರಿಸಿದ್ದರು. ಅವನ ಬೆನ್ನು ಒಡೆದು ರಕ್ತ ಭತ್ತದ ರಾಶಿಗೆ ಚಿಮ್ಮಿತ್ತು. ನಾನು ಜೀಪಿನ ಪ್ಲಗ್ಗು ಕೈಯಲ್ಲಿ ಹಿಡಿದು ಸುಮ್ಮನೆ ನಿಂತಿದ್ದೆ. ಹೋಗುವಾಗ ಎಂದಿಗಿಂತ ಹೆಚ್ಚು ಬಗ್ಗಿ ನಮಸ್ಕಾರ ಮಾಡಿ ಬಂದಿದ್ದೆ. ನಾನು, ಊರಿಗೆಲ್ಲ ಬೆಂಕಿ ಉಗುಳುವ ಈರಣ್ಣ ಮಿಸ್ತ್ರಿ.

ಜೀಪು ಬಂತು. ಸಾವ್ಕಾರರು ಇಳಿದರು, ಹಿಂದೆ ಇಬ್ಬರು ಹಮಾಲರು ಇಳಿದರು. ಪಟ್ಟಾ ಸಾವ್ಕಾರರ ಕೈಯಲ್ಲೇ ಇತ್ತು. ನೀರು ಎಲ್ಲಿಂದ ಬಂತು ಎಂದು ಕೇಳಿದರು. ನಾನು ಬಾಯಿ ತೆರೆದೆ — ನಿಜ ಹೇಳಲೆಂದೇ ತೆರೆದೆ, ಈಗ ಹೇಗೆ ನಂಬಿಸಲಿ — ಅಷ್ಟರಲ್ಲಿ ಅವರೇ ಸುಳ್ಳನ್ನು ನನ್ನ ಕೈಗೆ ಕೊಟ್ಟರು. ಈ ಡ್ರೈವರ್ ಮಗ ತೊಳೆಯಾಕ ಅಂತ ಗಾಡಿ ಕಾಲುವಿಗೆ ಇಳಿಸ್ಯಾನೇನು ಎಂದರು.

ಮಾನ್ವಿ ಕಡೆ ಡ್ರೈವರುಗಳಿಗೆ ಅದೊಂದು ಚಟ. ದನ ನೀರಿಗಿಳಿಯುವ ಜಾಗದಲ್ಲಿ ಗಾಡಿಯನ್ನೂ ಇಳಿಸಿ, ಗಾಲಿ ಮುಳುಗುವಷ್ಟು ನೀರಿನಲ್ಲಿ ನಿಲ್ಲಿಸಿ ತೊಳೆಯುವುದು. ಸಾವ್ಕಾರರ ಒಂದು ಜೀಪು ಹಾಗೇ ಕೆಟ್ಟಿತ್ತು. ಅಂದಿನಿಂದ ಅವರು ಕಾಲುವೆಗೆ ಗಾಡಿ ಇಳಿಸಿದವನ ಕಾಲು ಮುರಿಯುವುದಾಗಿ ಹೇಳಿದ್ದರು. ಹನುಮಂತಪ್ಪ ಎಂದೂ ಇಳಿಸಿದವನಲ್ಲ. ಬಕೆಟ್ಟಿನಲ್ಲಿ ನೀರು ಹೊತ್ತು ತೊಳೆಯುತ್ತಿದ್ದ. ಅದು ನನಗೆ ಗೊತ್ತಿತ್ತು.

ಹೌದ್ರಿ ಎಂದೆ. ಬರಿ ಹೌದು ಎಂದು ಬಿಡಲಿಲ್ಲ. ಕೆಲಸಗಾರನಲ್ಲವೇ, ಸುಳ್ಳನ್ನೂ ಅಚ್ಚುಕಟ್ಟಾಗಿ ಕೂಡಿಸಿದೆ. ಭತ್ತ ಮೊಳೆತಿರುವುದನ್ನು ನೀವೇ ನೋಡಿದ್ದೀರಿ. ಮಳೆಯ ಹನಿಗೆ ಭತ್ತ ಮೊಳೆಯುವುದುಂಟೇ, ಕಾಳು ಮುಳುಗಿ ನೆನೆದರೆ ತಾನೇ ಮೊಳಕೆ ಒಡೆಯುವುದು ಎಂದೆ. ಸಸಿ ಮಡಿ ಮಾಡಿ ಬೆಳೆದ ಜನಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕೇ. ಹಮಾಲರಿಬ್ಬರೂ ತಲೆ ಆಡಿಸಿದರು. ಸಾವ್ಕಾರರು ಮಾತ್ರ ನನ್ನನ್ನೇ ದಿಟ್ಟಿಸಿದರು.

“ಪಾನಾ ಮುಟ್ಟಿ ಹೇಳು,” ಎಂದರು.

ನಮ್ಮಲ್ಲಿ ಇದಕ್ಕಿಂತ ದೊಡ್ಡ ಆಣೆ ಇಲ್ಲ. ಅಮಾವಾಸ್ಯೆಗೊಮ್ಮೆ ವಿಭೂತಿ, ಕುಂಕುಮ ಹಚ್ಚಿ ಕಾಯಿ ಒಡೆಯುವ ಸಾಮಾನು ಅದು. ಪಾನಾ ಮುಟ್ಟಿ ಸುಳ್ಳು ಹೇಳಿದ ಮಿಸ್ತ್ರಿಯ ಕೈ ಬಿದ್ದುಹೋಗುತ್ತದೆ ಎಂದು ನನಗೆ ಕೆಲಸ ಕಲಿಸಿದವರು ಹೇಳಿದ್ದರು. ಗಾಲಿಯ ನಟ್ಟು ಬಿಚ್ಚುವ ದೊಡ್ಡ ಪಾನಾ ಅಲ್ಲೇ ನೆಲದ ಮೇಲಿತ್ತು. ಎತ್ತಿಕೊಂಡು ಹಣೆಗೆ ಮುಟ್ಟಿಸಿ ಹೇಳಿದೆ: ಕಾಲುವೆ ನೀರೇ.

ಹನುಮಂತಪ್ಪ ಊಟ ಮುಗಿಸಿ ಬಾಯಿ ಒರೆಸಿಕೊಳ್ಳುತ್ತ ಬಂದ. ನಮಸ್ಕಾರ ಮಾಡಲು ಕೈ ಎತ್ತಿದ್ದ. ಪಟ್ಟಾ ಆ ಕೈಗಳ ಮೇಲೇ ಬಿತ್ತು. ಎರಡನೆಯದು ಕುತ್ತಿಗೆಗೆ, ಮೂರನೆಯದು ಕಿವಿಗೆ. ಕಿವಿ ಹರಿದು ರಕ್ತ ಅಂಗಿಗೆ ಇಳಿಯಿತು. ಹಮಾಲರು ಅವನ ಎರಡು ರಟ್ಟೆ ಹಿಡಿದುಕೊಂಡರು. ಬೆನ್ನು, ತೊಡೆ, ಮೊಣಕಾಲು — ಸಾವ್ಕಾರರು ಬಟ್ಟೆ ಒಗೆಯುವವರಂತೆ ಒಂದೇ ಸಮನೆ ಬಾರಿಸಿದರು. ಬೀದಿಯಲ್ಲಿ ಜನ ಕೂಡಿದರು. ಹನುಮಂತಪ್ಪ ಮೊದಮೊದಲು ಯಾಕೆ ಎಂದೂ ಕೇಳಲಿಲ್ಲ. ಸಾವ್ಕಾರರು ಕಾಲುವೆ ಎಂದು ಬೈದಾಗಲೇ ಅವನಿಗೆ ವಿಷಯ ತಿಳಿದದ್ದು. ಆಗ ಅವನು ಎಲ್ಲಿಂದಲೋ ಶಕ್ತಿ ತಂದುಕೊಂಡು ಹಮಾಲರ ಕೈ ಕೊಡವಿ ಕಾರಿನ ಕಡೆ ಬಂದ.

ಇಳಿಸಿಲ್ಲ ಎಂದು ಗಾಡಿ ಮುಟ್ಟಿ ಹೇಳಿದ. ರೇಡಿಯೋ ವಾಯರಿನ ತೂತು ನೋಡಿ, ಈಗಲೇ ತೆಗೆದು ತೋರಿಸುತ್ತೇನೆ ಎನ್ನುತ್ತ ಬಾನೆಟ್ಟಿನ ಅಂಚಿಗೆ ಕೈ ಹಾಕಿದ.

ತೆರೆದಿದ್ದರೆ ಕಾಣುತ್ತಿತ್ತು. ಕರಿ ಹೊಸ ಬುಶ್, ಅದರ ಸುತ್ತ ಇನ್ನೂ ಒಣಗದ ಪುಟ್ಟಿ, ಪುಟ್ಟಿಯಲ್ಲಿ ನನ್ನ ಹೆಬ್ಬೆರಳಿನ ಗುರುತು.

ಇಲ್ಲಿಂದ ಮುಂದಿನದನ್ನು ನಾನು ಯಾರಿಗೂ ಹೇಳಿರಲಿಲ್ಲ. ನನ್ನ ತಲೆ ಆಗ ತಣ್ಣಗಿತ್ತು. ಎಂಜಿನ್ನಿನ ಸದ್ದು ಕೇಳಿ ರೋಗ ಹಿಡಿಯುವಾಗ ಇರುತ್ತದಲ್ಲ, ಹಾಗೆ. ನಾನು ಸಿಟ್ಟು ಮಾಡಿದರೆ ಯಾರಿಗೂ ಅನುಮಾನ ಬರುವುದಿಲ್ಲ ಎಂದು ಹೊಳೆಯಿತು. ಹೌದು, ಹಾಗೇ, ಅದೇ ಮಾತುಗಳಲ್ಲಿ ಹೊಳೆಯಿತು. ದನಿ ಎತ್ತಿ, ನನಗ ಕೆಲಸ ಕಲಸ್ತೀ ಏನಲೇ ಕುರುಬನ ಮಗನ ಎಂದು ಕೂಗಿ, ಕೈಯಲ್ಲಿದ್ದ ಪಾನಾ ಬೀಸಿದೆ. ಮೊದಲ ಪೆಟ್ಟು ಬಾನೆಟ್ಟಿನ ಮೇಲಿದ್ದ ಅವನ ಮಣಿಕಟ್ಟಿಗೆ. ಎಲುಬು ಮುರಿದ ಸದ್ದು ಕೇಳಿತು. ಅವನು ಕೂಗಲಿಲ್ಲ. ನನ್ನ ಕಡೆ ಮುಖ ತಿರುಗಿಸಿದ.

“ಯಾಕ್ರೀ ಮಿಸ್ತ್ರೀ?” ಎಂದ.

ಇನ್ನೊಂದು ಮಾತು ಆಡಿದರೆ ನನ್ನ ಕಥೆ ಮುಗಿಯುತ್ತಿತ್ತು. ಎರಡನೆಯ ಪೆಟ್ಟು ಆ ಮುಖಕ್ಕೆ ಹೊಡೆದೆ. ಕಣ್ಣಿಗೇ ಗುರಿ ಇಟ್ಟಿದ್ದೆನೇ? ಇಲ್ಲ ಎನ್ನಬಹುದು. ಆದರೆ ಎಲ್ಲಿಗಾದರೂ ಬೀಳಲಿ, ಮಾತು ನಿಲ್ಲಲಿ ಎಂದು ಬೀಸಿದವನಿಗೆ ಹಾಗೆ ಹೇಳುವ ಹಕ್ಕು ಎಲ್ಲಿದೆ. ಅವನು ಕಾರಿನ ಮುಂಗಾಲಿಯ ಹತ್ತಿರ ಕುಸಿದ. ಎಡಗಣ್ಣಿದ್ದ ಜಾಗದಿಂದ ರಕ್ತ ಬೆರಳುಗಳ ಸಂದಿನಲ್ಲಿ ಸುರಿಯುತ್ತಿತ್ತು. ನಾನು ಮೂರನೆಯ ಸಲ ಪಾನಾ ಎತ್ತಿದೆ — ಸಿಟ್ಟಿನವನು ಎರಡಕ್ಕೇ ನಿಲ್ಲಿಸುವುದಿಲ್ಲವಲ್ಲ, ಆಟ ಪೂರ್ತಿ ಆಗಬೇಕಿತ್ತು. ನನ್ನ ಕೈ ಹಿಡಿದವರು ಬೇರೆ ಯಾರೂ ಅಲ್ಲ, ಸಾವ್ಕಾರರೇ.

“ಸಾಕ್ ಬಿಡೋ, ಸಾಯ್ತಾನವ,” ಎಂದರು. ಅವರ ಪಟ್ಟಾ ನೆಲಕ್ಕೆ ಬಿದ್ದಿತ್ತು. ಅವರಿಗೆ ನಿಜವಾದ ಸಿಟ್ಟು ಬಂದಿತ್ತು; ರಕ್ತ ನೋಡಿ ಅದು ಇಳಿದಿತ್ತು.

ದವಾಖಾನೆಯಲ್ಲಿ ಹನುಮಂತಪ್ಪ ಡಾಕ್ಟರಿಗೆ, ಜಾಕ್ ಜಾರಿ ಬಡಿಯಿತು ಎಂದು ಹೇಳಿದ. ಯಾರೂ ಅವನಿಗೆ ಹಾಗೆ ಹೇಳು ಎಂದು ಕಲಿಸಿರಲಿಲ್ಲ. ಕೆಲವು ದಿನ ಬಿಟ್ಟು ನಾನು ಅವನನ್ನು ನೋಡಲು ಹೋದೆ. ಅವನ ಹೆಂಡತಿ ಯಲ್ಲವ್ವ ಗೋಡೆಗೆ ಮುಖ ಮಾಡಿ ಕೂತಿದ್ದಳು, ತಿರುಗಿ ನೋಡಲಿಲ್ಲ. ಅವನು ಮಾತ್ರ ಪಟ್ಟಿ ಕಟ್ಟಿದ ಮುಖ ಎತ್ತಿ, ಪಕ್ಕದಲ್ಲಿ ಕೂರಲು ಜಾಗ ಮಾಡಿದ. ತನ್ನ ಅಪ್ಪನೂ ನನ್ನ ಹಾಗೇ ಎಂದು ಹೇಳಿದ. ಸಿಟ್ಟು ಬಂದರೆ ಕೈಗೆ ಸಿಕ್ಕದ್ದರಿಂದ ಹೊಡೆಯುತ್ತಿದ್ದನಂತೆ, ಇಳಿದ ಮೇಲೆ ಕುರಿ ಹಟ್ಟಿಯ ಹಿಂದೆ ಕೂತು ಅಳುತ್ತಿದ್ದನಂತೆ. ಸಿಟ್ಟಿನ್ಯಾಗ ಆಗಿದ್ದಕ್ಕ ಏನ್ ಮಾಡೂದ್ರಿ, ನಾ ಮನಸಿನ್ಯಾಗ ಇಟ್ಕೊಂಡಿಲ್ಲ ಎಂದ. ನನಗೆ ಅಳು ಬಂತು. ಅವನು ಆ ಅಳುವನ್ನು ತನ್ನ ಅಪ್ಪನ ಅಳು ಎಂದುಕೊಂಡು ಒಳ್ಳೆಯ ಕೈಯಿಂದ ನನ್ನ ಬೆನ್ನು ಸವರಿದ. ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಮತ್ತೆ ಸಿಗುತ್ತಿರಲಿಲ್ಲ. ಹೇಳಲಿಲ್ಲ. ಕ್ಷಮೆಯನ್ನು ಜೇಬಿಗಿಳಿಸಿಕೊಂಡು ಮನೆಗೆ ಬಂದೆ.

ಆ ಮೇಲೆ ಅವನು ಗಾಡಿ ಓಡಿಸಲಿಲ್ಲ. ಒಂದು ಕಣ್ಣು, ಸೊಟ್ಟಗೆ ಕೂಡಿದ ಮಣಿಕಟ್ಟು — ಯಾರು ಕೆಲಸ ಕೊಡುತ್ತಾರೆ. ಅದಕ್ಕಿಂತ ಕೆಟ್ಟದ್ದು, ಮಾನ್ವಿಯಲ್ಲಿ ಅವನ ಹೆಸರು ಕೆಟ್ಟಿತ್ತು. ಮಾಲೀಕನ ಗಾಡಿ ಕಾಲುವೆಯಲ್ಲಿ ಮುಳುಗಿಸಿ, ಮೇಲೆ ಗಾಡಿ ಮುಟ್ಟಿ ಸುಳ್ಳಾಣೆ ಮಾಡಿದವನು ಎಂದು. ಮಿಲ್ಲಿನಲ್ಲಿ ಚೀಲ ಹೊರಲೂ ಅವನನ್ನು ಕರೆಯಲಿಲ್ಲ. ಹೆಂಡತಿ, ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಗಬ್ಬೂರಿಗೆ ಹೋಗಿ ಮತ್ತೆ ಕುರಿ ಹಿಂದೆ ಬಿದ್ದ. ನನ್ನ ಕೈ ಬಿದ್ದುಹೋಗಲಿಲ್ಲ. ಸಾವ್ಕಾರರ ಗಾಡಿಗಳು ನನ್ನ ಹತ್ತಿರವೇ ಬರುತ್ತಿದ್ದವು. ಆ ಅಂಬಾಸಿಡರಿನೊಳಗೆ ಮತ್ತೆ ನೀರು ಬರಲಿಲ್ಲ, ಅದನ್ನೂ ಜನ ಕಾಲುವೆಯ ಸುಳ್ಳಿಗೇ ಪುರಾವೆ ಮಾಡಿಕೊಂಡರು — ಡ್ರೈವರ್ ಹೋದ, ನೀರೂ ಹೋಯಿತು ಎಂದು. ಊರಿನ ಹಿರಿಯರು ನನ್ನನ್ನು ಕರೆದು, ಸಿಟ್ಟಿನಲ್ಲಿ ಕೊಯ್ದ ಮೂಗು ಮತ್ತೆ ಬರುತ್ತದೇನೋ ಎಂದು ಬುದ್ಧಿ ಹೇಳಿದರು. ನಾನು ತಲೆ ತಗ್ಗಿಸಿ ಕೇಳಿಸಿಕೊಂಡೆ.

ಒಂದು ವಿಷಯ ಆಮೇಲೆ ಗಮನಿಸಿದೆ. ನನ್ನ ಸಿಟ್ಟಿಗೆ ಆಳು ಯಾರು, ಅರಸು ಯಾರು ಎಂಬುದು ಚೆನ್ನಾಗಿ ಗೊತ್ತಿತ್ತು. ಒಡೆದ ದೀಪ ಸಣ್ಣ ಗುತ್ತಿಗೆದಾರನದು. ಚಹಾ ಬಿದ್ದದ್ದು ಹಳ್ಳಿಯ ರೈತನ ಮೇಲೆ. ಸಾವ್ಕಾರರ ಮುಂದೆ ಅದು ಒಂದು ದಿನವೂ ತಲೆ ಎತ್ತಿರಲಿಲ್ಲ. ಅಂದರೆ ಮೊದಲಿನಿಂದಲೂ — ಆ ಯೋಚನೆಯನ್ನು ಪೂರ್ತಿ ಮಾಡಲು ನನಗೆ ಧೈರ್ಯ ಆಗುತ್ತಿರಲಿಲ್ಲ.

ಪೂರ್ತಿ ಮಾಡಿಸಿದವನು ನನ್ನ ಮಗ. ಹೋದ ವರ್ಷ ಹಬ್ಬದ ಮಧ್ಯಾಹ್ನ, ಮನೆಯಲ್ಲಿ ಹತ್ತು ಜನ ನೆಂಟರು ಊಟಕ್ಕೆ ಕೂತಿದ್ದರು. ಈಗ ಗ್ಯಾರೇಜು ನಡೆಸುವ ಮಗ ಹಿಂದಿನ ದಿನವೆಲ್ಲ ಅಲ್ಲಿ ದುಡಿದೆ ಎಂದು ಕೊಚ್ಚಿಕೊಳ್ಳುತ್ತಿದ್ದ. ಬಡಿಸುತ್ತಿದ್ದ ಸೊಸೆ ಮಹಾದೇವಿ, ನಿನ್ನೆ ಗ್ಯಾರೇಜು ಮುಚ್ಚಿತ್ತಲ್ರಿ ಎಂದಳು. ಅಷ್ಟೇ. ಅವನು ಎದ್ದು ಕೈಯಲ್ಲಿದ್ದ ಹಿತ್ತಾಳೆ ತಂಬಿಗೆಯನ್ನು ಅವಳ ದವಡೆಗೆ ಬಾರಿಸಿದ. ಅವಳು ಸಾರಿನ ಪಾತ್ರೆಯ ಮೇಲೆ ಬಿದ್ದಳು. ಸಾರು ಕಾಲಿಗೆ ಚೆಲ್ಲಿ ಸುಟ್ಟಿತು, ಬಾಯಿಂದ ರಕ್ತ ಬಂತು. ನನ್ನ ಹೆಂಡತಿ ಓಡಿಬಂದು ಅವಳನ್ನು ಎತ್ತುತ್ತ, ಏನು ಮಾಡುವುದು, ಅವರಪ್ಪನ ಸಿಟ್ಟು ಇವನಿಗೂ ಬಂದಿದೆ ಎಂದಳು. ನೆಂಟರು ಹೌದೆಂದು ತಲೆ ಆಡಿಸಿದರು. ನಾನು ಮಗನ ಕಣ್ಣು ನೋಡಿದೆ. ಅಲ್ಲಿ ಸಿಟ್ಟು ಇರಲಿಲ್ಲ. ಅವನು ಎಲ್ಲರ ಮುಖ ಒಂದೊಂದಾಗಿ ನೋಡುತ್ತಿದ್ದ, ನಂಬಿದರೋ ಇಲ್ಲವೋ ಎಂದು.

ಮರುದಿನ ಬೆಳಗಿನ ಬಸ್ಸಿಗೆ ಗಬ್ಬೂರಿಗೆ ಹೋದೆ. ಹನುಮಂತಪ್ಪ ಮನೆಯ ಮುಂದೆ ಕುರಿಯ ಕಾಲಿನ ಗಾಯಕ್ಕೆ ಔಷಧ ಹಚ್ಚುತ್ತಿದ್ದ. ನನ್ನನ್ನು ನೋಡಿ ಬರ್ರಿ ಬರ್ರಿ ಮಿಸ್ತ್ರಿ ಎಂದು ಎದ್ದ, ಕಂಬಳಿ ಹಾಸಿದ, ಚಹಾ ಮಾಡಲು ಒಳಗೆ ಕೂಗಿದ. ನಾನು ಕೂರಲಿಲ್ಲ. ನಿಂತೇ ಎಲ್ಲವನ್ನೂ ಹೇಳಿದೆ — ರಂಗೋಲಿ ಪುಡಿಯ ಮೇಲೆ ಕಂಡ ಗೆರೆಯಿಂದ ಹಿಡಿದು ಎರಡನೆಯ ಪೆಟ್ಟಿನವರೆಗೆ. ಅವನು ಕುರಿಯ ಕಾಲು ಬಿಡದೆ ಕೇಳಿದ. ಕೊನೆಗೆ ಎರಡೇ ಪ್ರಶ್ನೆ ಕೇಳಿದ. “ನಾ ಊಟಕ್ಕ ಹೋದಾಗನ ಬುಶ್ ಹಾಕಿದ್ರೇನು?” ಹೌದು ಎಂದೆ. ಬಾನೆಟ್ ತೆಗೆದಿದ್ದರೆ ಕಾಣುತ್ತಿತ್ತೇ ಎಂದ. ಕಾಣುತ್ತಿತ್ತು ಎಂದೆ.

ಯಲ್ಲವ್ವ ಚಹಾ ತಂದಿದ್ದಳು. ಅವನು ಅವಳಿಗೆ ಬೇಡ ಎಂದು ಕೈ ಮಾಡಿದ. ಅವಳು ತಟ್ಟೆ ಒಳಗೆ ಒಯ್ದಳು.

“ಸಿಟ್ಟಂತ ತಿಳದು ಬಿಟ್ಟಿದ್ದೆ ಮಿಸ್ತ್ರಿ. ಇದನ್ನ ಬಿಡಂಗಿಲ್ಲ,” ಎಂದ. ದನಿ ಏರಿಸಲಿಲ್ಲ. “ನನಗ ಹೇಳಿ ಏನಾತು? ನಾ ಇಳಿಸಿಲ್ಲಂತ ನನಗ ಗೊತ್ತಿತ್ತು. ಗೊತ್ತಿಲ್ಲದವರಿಗೆ ಹೋಗಿ ಹೇಳ್ರಿ.”

ಅವನು ಮತ್ತೆ ಕುರಿಯ ಕಾಲಿನ ಕಡೆ ಬಗ್ಗಿದ. ನಾನು ಮಾನ್ವಿಗೆ ಹೋದೆ. ಅಮರಪ್ಪ ಸಾವ್ಕಾರರಿಗೆ ವಯಸ್ಸಾಗಿತ್ತು, ಗಾದಿಯ ಮೇಲೆ ದಿಂಬಿಗೊರಗಿದ್ದರು. ಹಮಾಲರು ಚೀಲ ಇಳಿಸುತ್ತಿದ್ದರು. ನಾನು ಹೇಳಿದೆ. ಈಗ್ಯಾಕೆ ಆ ಹಳೆ ಮಾತು, ಮೆಲ್ಲಗೆ ಮಾತಾಡು ಎಂದರು. ಹಮಾಲರಿಗೆ ಕೇಳುವಂತೆ ಇನ್ನೊಮ್ಮೆ ಜೋರಾಗಿ ಹೇಳಿದೆ. ಅಂದು ಹನುಮಂತಪ್ಪನ ರಟ್ಟೆ ಹಿಡಿದಿದ್ದವರಲ್ಲಿ ಒಬ್ಬ ಇನ್ನೂ ಅಲ್ಲೇ ಇದ್ದ. ಹೊತ್ತ ಚೀಲ ಇಳಿಸಿ ಬಂದು ನನ್ನ ಕೆನ್ನೆಗೆ ಹೊಡೆದ. ಇನ್ನೊಂದು ಸಲ ಹೊಡೆದ. ಒಳಗಿನ ಹಲ್ಲೊಂದು ಅಲುಗಾಡಿತು. ನಾನು ಕೈ ಎತ್ತಲಿಲ್ಲ. ಅವನು ಅಳುತ್ತಿದ್ದ.

ಉಳಿದದ್ದು ಮನೆ. ಸಂಜೆ ಊದಿದ ಮುಖದಲ್ಲೇ ಬಂದು ಹೆಂಡತಿ, ಮಗ, ಸೊಸೆ ಮೂವರನ್ನೂ ಪಡಸಾಲೆಯಲ್ಲಿ ಕೂರಿಸಿ, ಇಲ್ಲಿ ಬರೆದ ಇಷ್ಟನ್ನೂ ಹೇಳಿದೆ. ಹೆಂಡತಿ ಸೆರಗಿನಲ್ಲಿ ಬಾಯಿ ಮುಚ್ಚಿ ಕೂತಳು. ಮಗ ನೆಲ ನೋಡುತ್ತಿದ್ದ. ಸುಟ್ಟ ಕಾಲು ಚಾಚಿಕೊಂಡು ಕೂತಿದ್ದ ಮಹಾದೇವಿ ನನ್ನ ಕಡೆ ನೋಡಿದಳು. ದವಡೆ ಬಾತು ಅವಳಿಗೆ ಮಾತು ಸರಿಯಾಗಿ ಹೊರಡುತ್ತಿರಲಿಲ್ಲ.

“ಮಾವಾರ, ಹಂಗಾದ್ರ ಇವರದೂ ಸಿಟ್ಟಲ್ಲೇನ್ರಿ?”

ಮಗ ತಲೆ ಎತ್ತಿ ನನ್ನನ್ನು ನೋಡಿದ. ಹೆಂಡತಿಯೂ ನೋಡಿದಳು, ಬೇಡ ಎನ್ನುವ ಹಾಗೆ.

“ಅಲ್ಲವ್ವಾ,” ಎಂದೆ.